ಹದಿನೈದು ಸರಿ, ಹದಿನೈದು ಗೋವಿಂದ

ಗೊತ್ತಾಯಿತು! ನನ್ನ ಅಚ್ಚಿನ ಚಿತ್ರದ ಮೂರನೇ ಬಣ್ಣವನ್ನು ಜಾರಿಸಿ ಮೂರು ವಾರ ನನ್ನ ತಲೆ ತಿಂದ ಕಳ್ಳ, ಕಾಗದ ಕೂರಿಸುವ ಪಿನ್ನೂ ಅಲ್ಲ, ಪ್ರೆಸ್ಸೂ ಅಲ್ಲ. ಕಾಗದ. ಕಾಗದ ಅನ್ನುವುದಕ್ಕಿಂತ ನನ್ನ ಜುಗ್ಗತನ ಅನ್ನಿ.

ಚಿತ್ರ ಇಷ್ಟೇ: ಮೈಸೂರಿನ ಗಾಲ್ಫ್ ಮೈದಾನ, ಪಕ್ಕದಲ್ಲಿ ರೇಸ್ ಕೋರ್ಸಿನ ಬಿಳಿ ಬೇಲಿ, ಹಿಂದೆ ಚಾಮುಂಡಿ ಬೆಟ್ಟ. ನಾಲ್ಕು ಬಣ್ಣದ ರಿಡಕ್ಷನ್ ಲಿನೋ, ಅಂದರೆ ಒಂದೇ ಲಿನೋಲಿಯಂ ತುಂಡನ್ನು ಪ್ರತಿ ಬಣ್ಣಕ್ಕೂ ಇನ್ನಷ್ಟು ಕೆತ್ತುತ್ತಾ ಒಂದರ ಮೇಲೊಂದು ಒತ್ತುವುದು. ಮೂವತ್ತು ಪ್ರತಿ. ಈ ಹುಚ್ಚು ಹತ್ತಿಸಿದವರು ಅಮೆರಿಕದ ಲೆರಾಯ್ ನೀಮನ್ (1921–2012). ದಪ್ಪ ಮೀಸೆ, ಕೈಯಲ್ಲಿ ಚುಟ್ಟಾ, ಆಟದ ಮೈದಾನಗಳನ್ನೆಲ್ಲ ಓಕುಳಿಯಾಡಿದಂತೆ ಬಿಡಿಸಿದ ಮನುಷ್ಯ. ಅಲ್ಲಿನ ಹೆಸರಾಂತ ಗಾಲ್ಫ್ ಮೈದಾನ ಪೆಬಲ್ ಬೀಚ್‌ನ 18ನೇ ಹೋಲನ್ನು ಬಿಡಿಸಿದ್ದಾರೆ. ಅವರ ಸಿಲ್ಕ್ ಸ್ಕ್ರೀನ್ ಪ್ರಿಂಟುಗಳ ಕೆಳಗೆ ನಂಬರು, ಪೆನ್ಸಿಲ್ ಸಹಿ. ನಂಗೂ ಅಂಥದ್ದೊಂದು ಸಹಿ ಹಾಕುವ ಆಸೆ. ಪೆಬಲ್ ಬೀಚ್‌ನಲ್ಲಿ ಎಡಕ್ಕೆ ಪೆಸಿಫಿಕ್ ಸಾಗರ ಇದೆ. ನಮಗೆ ಕುದುರೆ ಇವೆ. ಇರಲಿ.

ಹಳದಿ ಒತ್ತಿದ್ದು ಮಾರ್ಚ್‌ನಲ್ಲಿ, ತಿಳಿ ಹಸಿರು ಏಪ್ರಿಲ್‌ನಲ್ಲಿ. ಎರಡೂ ಕೂದಲೆಳೆಯಷ್ಟೂ ಕದಲಿಲ್ಲ. ಆಮೇಲೆ ಕಡು ಹಸಿರು ಇಂಕಿಗೆ ಕಾದೆ. ಅಂಗಡಿಯವರ ಬಾಯಲ್ಲಿ "ನಾಳೆ ಬರುತ್ತೆ ಸಾರ್" ಎಂಬುದು ಎರಡು ತಿಂಗಳು ನಡೆಯಿತು. ಬಂದ ಡಬ್ಬಿಯಲ್ಲೂ ಮೇಲೆ ಅರ್ಧ ಇಂಚು ಕೆನೆಗಟ್ಟಿತ್ತು. ಅಷ್ಟರಲ್ಲಿ ಆಷಾಢ. ಶುಕ್ರವಾರ ಬೆಟ್ಟಕ್ಕೆ ಹೋಗುವ ಜನ ಕೊಡೆ ಹಿಡಿದು ಹೊರಟಿದ್ದರು. ನಾನು ಮೂರನೇ ಬಣ್ಣ ಒತ್ತಿದೆ.

ಕಾಗದ ಎತ್ತಿ ನೋಡಿದರೆ ಬೆಟ್ಟದ ತುದಿಯಲ್ಲಿ ಎರಡು ಗೋಪುರ! ಕೆಳಗೆ ಮೈದಾನದ ಹುಲ್ಲು ಸರಿಯಾಗಿ ಕೂತಿದೆ. ಮೇಲೆ ಹೋಗ್ತಾ ಹೋಗ್ತಾ ಜಾರಿದೆ. ತುದಿಯಲ್ಲಿ ಒಂದು ಮಿಲಿಮೀಟರಿಗೂ ಜಾಸ್ತಿ. ಅಕ್ಕಿಕಾಳಿನಷ್ಟು ದೊಡ್ಡ ಗೋಪುರಕ್ಕೆ ಒಂದು ಮಿಲಿಮೀಟರ್ ಅಂದರೆ ಭೂಕಂಪವೇ. ಮುಂದಿನದು ಸರಿ. ಅದರ ಮುಂದಿನದು ಮತ್ತೆ ಜೋಡಿ ಗೋಪುರ.

ಪಿನ್ ಬದಲಾಯಿಸಿದೆ. ಪ್ರೆಸ್ಸಿನ ಕಂಬಳಿ ಬಿಚ್ಚಿ ಹಾಕಿದೆ. ಲಿನೋ ಹಿಗ್ಗಿತೇನೋ ಅಂತ ಸ್ಕೇಲ್ ಹಿಡಿದು ಕೂತೆ. ಏನೂ ಇಲ್ಲ.

ಮೊನ್ನೆ ಮಿಕ್ಕ ಚೂರೊಂದರ ಮೇಲೆ ಕಾಫಿ ಲೋಟ ಇಟ್ಟಿದ್ದೆ. ಎತ್ತಿದಾಗ ತಳ ಒದ್ದೆ. ಆ ಚೂರು ಕಣ್ಣೆದುರೇ ದೋಸೆಯ ಹಾಗೆ ಸುರುಳಿಯಾಯಿತು. ಸುಮ್ನೆ ಇರಲಾರದೆ ಇನ್ನೊಂದು ಚೂರಿಗೂ ಒಂದು ಮಗ್ಗುಲಿಗೆ ನೀರು ಸವರಿದೆ. ಮೊದಲನೆಯದು ಉದ್ದಕ್ಕೆ ಸುತ್ತಿಕೊಂಡಿತ್ತು, ಇದು ಅಡ್ಡಕ್ಕೆ!

ಅಲ್ಲಿಗೆ ಕಥೆ ಬಿಚ್ಚಿಕೊಂಡಿತು. ದೊಡ್ಡ ಶೀಟಿನಲ್ಲಿ ಒಂದೆರಡು ತುಂಡು ಜಾಸ್ತಿ ಸಿಗಲಿ ಅಂತ ಅರ್ಧವನ್ನು ಉದ್ದಕ್ಕೆ, ಅರ್ಧವನ್ನು ಅಡ್ಡಕ್ಕೆ ಕತ್ತರಿಸಿದ್ದೆ. ಮಿಲ್ಲಿನ ಕಾಗದದಲ್ಲಿ ನಾರೆಲ್ಲ ಹೆಚ್ಚುಕಡಿಮೆ ಒಂದೇ ದಿಕ್ಕಿಗೆ ಮಲಗಿರುತ್ತದೆ. ತೇವ ಹೀರಿದರೆ ನಾರು ಉದ್ದವಾಗುವುದಕ್ಕಿಂತ ದಪ್ಪವಾಗುವುದೇ ಹೆಚ್ಚು. ಹಾಗಾಗಿ ಕಾಗದ ನಾರಿಗೆ ಅಡ್ಡವಾಗಿ ಹಿಗ್ಗುತ್ತದೆ. ಬೇಸಿಗೆಯಲ್ಲಿ ಒಣಗಿದ್ದ ಹಾಳೆ ಆಷಾಢದಲ್ಲಿ ಊದಿಕೊಂಡಿದೆ. ನನ್ನ ಪಿನ್ನು ಕೆಳಗಿನ ಅಂಚಿನಲ್ಲಿ. ಹಿಗ್ಗಿದ್ದೆಲ್ಲ ಮೇಲಕ್ಕೆ ಹೋಯಿತು.

ಹಾಗಾದರೆ ಉಳಿದ ಹದಿನೈದು? ಅವೂ ಹಿಗ್ಗಿವೆ, ಪಕ್ಕಕ್ಕೆ. ಆದರೆ ಹುಲ್ಲಿನ ಪಟ್ಟಿ, ಬೇಲಿ, ಬೆಟ್ಟದ ಸಾಲು, ನನ್ನ ಗೆರೆಗಳೆಲ್ಲ ಅಡ್ಡವೇ. ಗೋಪುರವೂ ಪುಣ್ಯಕ್ಕೆ ನಡುವಿನ ಪಿನ್ನಿನ ನೇರಕ್ಕಿದೆ. ಜಾರಿದ್ದು ಕಾಣುವುದಿಲ್ಲ. ಜಾಣತನ ಅಲ್ಲ, ಅದೃಷ್ಟ.

ಇನ್ನೊಂದು ಸಿಟ್ಟು. ಅಂಗಡಿಯವರು ಇದನ್ನು ಕೈಕಾಗದ ಅಂತ ಆಣೆ ಮಾಡಿ ಕೊಟ್ಟಿದ್ದರು. ಕೈಯಲ್ಲಿ ಎತ್ತಿದ ಕಾಗದಕ್ಕೆ ಇಷ್ಟು ಖಡಕ್ಕಾಗಿ ದಿಕ್ಕು ಇರುವುದಿಲ್ಲ ಸ್ವಾಮಿ. ಅಂಚು ಹರಿದು ಒರಟು ಮಾಡಿ ಮಾರಿದ್ದಾರೆ. ದುಡ್ಡು ಮಾತ್ರ ಕೈಕಾಗದದ್ದೇ ತಗೊಂಡರು.

ಮತ್ತೆ ಒತ್ತೋಣ ಅಂದರೆ ಲಿನೋ ಎಲ್ಲಿದೆ? ತಿಳಿ ಹಸಿರು ಹಿಡಿದಿದ್ದ ಜಾಗವನ್ನು ಕೆತ್ತಿ ಕಸದಬುಟ್ಟಿಗೆ ಹಾಕಿ ತಿಂಗಳುಗಳಾದವು. ಹಾಗಾಗಿ ಇದು 15ರ ಎಡಿಷನ್. ನಂಬರು ಕೊಡುವುದು ಅಷ್ಟಕ್ಕೇ. ಗೆಳೆಯನೊಬ್ಬ "ಜೋಡಿ ಗೋಪುರದ್ದನ್ನು ಜಾಸ್ತಿ ರೇಟಿಗೆ ಮಾರು, ತಪ್ಪು ಅಚ್ಚಿನ ಸ್ಟಾಂಪಿಗೆ ಬೆಲೆ ಹೆಚ್ಚು ಅಲ್ವಾ" ಅಂದ. ಒಂದು ಗಳಿಗೆ ಮನಸ್ಸು ಆಡಿದ್ದು ನಿಜ. ಆದರೆ ನಾನು ಅವುಗಳನ್ನು ಕತ್ತರಿಸಿ ಬುಕ್‌ಮಾರ್ಕ್ ಮಾಡುತ್ತಿದ್ದೇನೆ.

ಹಾಗೆ ಕತ್ತರಿಸುವಾಗಲೇ ಮುಂದಿನ ಹುಳು ತಲೆಗೆ ಹೊಕ್ಕಿತು. ಗಂಜೀಫಾ, ಗುಂಡಗಿನ ಎಲೆಗಳ ನಮ್ಮ ಹಳೇ ಇಸ್ಪೀಟು! ಮುಮ್ಮಡಿ ಕೃಷ್ಣರಾಜ ಒಡೆಯರು ರೂಪಿಸಿದ ಆಟಗಳಲ್ಲಿ ದೊಡ್ಡದಕ್ಕೆ 18 ಬಣ, 360 ಎಲೆ. ಅಷ್ಟೂ ಬೇಡ, ಒಂದು ಬಣ ಲಿನೋದಲ್ಲಿ ಮಾಡಿದರೆ ಸಾಕು. ಗುಂಡಗೆ ಕತ್ತರಿಸುವ ಡೈ ಯಾರ ಹತ್ತಿರವಾದರೂ ಇದ್ದರೆ ಹೇಳಿ.

ಮೊದಲು ಇದು ಮುಗಿಯಬೇಕು. ನಾಲ್ಕನೇ ಬಣ್ಣ ಬೆಟ್ಟದ ನೆರಳಿನದು. ಅದಕ್ಕೆ ಮುಂಚೆ ಹಾಳೆಗಳು ಮತ್ತೆ ಏಪ್ರಿಲ್‌ನಷ್ಟು ಒಣಗಬೇಕು. ಬೀರುವಿನಲ್ಲಿ 40 ವ್ಯಾಟ್ ಬಲ್ಬ್ ಹಚ್ಚಿ ಎರಡು ದಿನ ಇಡುವ ಯೋಚನೆ. ಖಾಲಿ ಮಾಡಬೇಕಾದ ಖಾನೆಯಲ್ಲಿ ಮನೆಯಾಕೆಯ ಮೈಸೂರು ಸಿಲ್ಕ್ ಸೀರೆಗಳಿವೆ. ಬಲ್ಬಿನ ವಿಷಯ ಹೇಳಿದ್ದೇನೆ. ಇಂಕು ಇನ್ನೂ ಅಂಟಂಟಾಗಿದೆ ಅನ್ನುವುದನ್ನು ಹೇಳಿಲ್ಲ.