ಸತ್ತ ಮೇಲೆ ಶುರುವಾದ ಪಾತ್ರ

ಷೇಕ್ಸ್‌ಪಿಯರನ ‘ಜೂಲಿಯಸ್ ಸೀಸರ್’ನಲ್ಲಿ ಸೀಸರನ ಪಾತ್ರ ನನ್ನ ಪಾಲಿಗೆ ಬಂದಾಗ ಬೇಸರವೇ ಆಯಿತು. ಐದು ಅಂಕಗಳ ನಾಟಕ. ಮೂರನೆಯ ಅಂಕದ ಮೊದಲ ದೃಶ್ಯದಲ್ಲೇ ನಾನು ಹೆಣ. ನನ್ನನ್ನು ಕೊಲ್ಲುವವರಲ್ಲೊಬ್ಬನಾದ ಬ್ರೂಟಸ್‌ಗಿರುವ ಮಾತಿನ ಕಾಲುಭಾಗವೂ ನನಗಿಲ್ಲ. ನಿರ್ದೇಶಕರ ಬಳಿ ಹೇಳಿಕೊಂಡೆ. “ಬದುಕಿರುವಷ್ಟು ಹೊತ್ತು ಸಣ್ಣವನಾಗಿಯೇ ಇರಪ್ಪ. ಒಂದು ಕಿವಿ ಕೇಳಿಸದು, ಮೂರ್ಛೆ ರೋಗ ಬೇರೆ. ನಿನ್ನ ಪಾತ್ರ ಶುರುವಾಗುವುದೇ ಸತ್ತ ಮೇಲೆ” ಎಂದರು. ಸಮಾಧಾನಕ್ಕೆ ಹೇಳಿದ ಮಾತು ಅಂದುಕೊಂಡೆ.

ಬೆಂಗಳೂರಿನ ಹನುಮಂತನಗರದ ಕೆ.ಎಚ್. ಕಲಾಸೌಧದಲ್ಲಿ ಪ್ರಯೋಗ. ಇರಿತವಾಯಿತು, ಬಿದ್ದೆ. ಮುಂದಿನ ದೃಶ್ಯಕ್ಕೆ ನನ್ನನ್ನು ಹೊತ್ತು ತಂದು, ನಾವೇ ಜೋಡಿಸಿದ್ದ ಮರದ ಕಟ್ಟೆಯ ಮೇಲೆ ಮಲಗಿಸಿದರು. ಸಕ್ಕರೆ ಪಾಕಕ್ಕೆ ಬಣ್ಣ ಕಲಸಿ ಮಾಡಿದ ರಕ್ತ ಇನ್ನೂ ಅಂಟಂಟಾಗಿತ್ತು. ಸೀಸರನ ಗೆಳೆಯ ಆಂಟನಿ ಪಕ್ಕದಲ್ಲಿ ಮಂಡಿಯೂರಿ, ನಾನು ಹೊದ್ದಿದ್ದ ಶಲ್ಯದ ಒಂದೊಂದು ತೂತಿಗೂ ಬೆರಳು ತೂರಿಸಿ, ಯಾರು ಎಲ್ಲಿ ಇರಿದರೆಂದು ಜನರಿಗೆ ತೋರಿಸತೊಡಗಿದ. ಬ್ರೂಟಸ್ ಮಾಡಿದ ತೂತು ನನ್ನ ಪಕ್ಕೆಲುಬಿನ ಮೇಲಿತ್ತು. ಆಂಟನಿಯ ಬೆರಳು ತಗುಲಿದಾಗ ಮೈ ಜುಂ ಎಂದಿತು. ಆಮೇಲೆ ಸೀಸರನ ಉಯಿಲು ಓದಿದ: ಪ್ರತಿಯೊಬ್ಬ ನಾಗರಿಕನಿಗೂ 75 ದ್ರಾಕ್ಮಾ ಹಣ. ತುಸು ಮುಂಚೆ ಬ್ರೂಟಸ್‌ಗೆ ಜಯಕಾರ ಹಾಕಿದ್ದವರೇ ಈಗ ಅವನ ಮನೆಗೆ ಬೆಂಕಿ ಹಚ್ಚಲು ಹೊರಟರು. ಕಣ್ಣು ಮುಚ್ಚಿದ್ದ ನನಗೆ ಆ ನುಗ್ಗಾಟ ಮೊದಲು ಗೊತ್ತಾದದ್ದು ಬೆನ್ನಿಗೆ, ಹಲಗೆ ಅದುರುತ್ತಿತ್ತು. ಬದುಕಿದ್ದಾಗ ನಾನಾಡಿದ ಯಾವ ಮಾತಿಗೂ ಆ ಹಲಗೆ ಅದುರಿರಲಿಲ್ಲ.

ನಾಲ್ಕನೆಯ ಅಂಕದಲ್ಲಿ ಪ್ರೇತವಾಗಿ ಬರುವುದು ಒಮ್ಮೆಯೇ. ನಮ್ಮ ಪ್ರಯೋಗದಲ್ಲಿ ಅದೂ ಬರೀ ದನಿ. ಕೊನೆಯ ಯುದ್ಧ ನಡೆಯುವ ಫಿಲಿಪ್ಪಿಯಲ್ಲಿ ಕಾಣುತ್ತೇನೆ ಎಂದು ಸೈಡ್ ವಿಂಗ್‌ನಿಂದಲೇ ಬ್ರೂಟಸ್‌ಗೆ ಹೇಳಿದೆ. ನನ್ನ ಕೆಲಸ ಮುಗಿದಿತ್ತು. ಆದರೂ ಬಣ್ಣ ಒರೆಸಿಕೊಳ್ಳಲು ಹೋಗಲಾಗಲಿಲ್ಲ, ಅಲ್ಲೇ ನಿಂತೆ. ರಂಗದ ಮೇಲಿದ್ದವರು ನನ್ನ ಹೆಸರನ್ನು ಬಿಡುತ್ತಲೇ ಇರಲಿಲ್ಲ. ಆಂಟನಿ ಸೀಸರನ ವಾರಸುದಾರನಾದ ಎಳೆಯ ಆಕ್ಟೇವಿಯಸ್‌ನನ್ನು ‘ಸೀಸರ್’ ಎಂದು ಕರೆದಾಗಲಂತೂ ನನ್ನನ್ನೇ ಕರೆದರೆಂದು ತಿರುಗಿದೆ. ನನ್ನ ಮಟ್ಟಿಗೆ ದುರಂತವೆಲ್ಲ ಆ ಒಂದು ಕರೆಯಲ್ಲಿದೆ. ಒಬ್ಬ ಸೀಸರ್ ಬೇಡವೆಂದು ಕೊಂದವರ ಎದುರು ಇನ್ನೊಬ್ಬ ಸೀಸರ್ ಸೈನ್ಯ ಕಟ್ಟಿಕೊಂಡು ನಿಂತಿದ್ದಾನೆ!

ಬ್ರೂಟಸ್‌ನ ಜೊತೆಗಾರ ಕ್ಯಾಸಿಯಸ್ ನನ್ನನ್ನು ಇರಿದ ಕತ್ತಿಯಿಂದಲೇ ಸತ್ತ. ಕೊನೆಗೆ ಬ್ರೂಟಸ್ ಕತ್ತಿಗೆ ಎದೆಯೊಡ್ಡಿ, “ಸೀಸರ್, ಇನ್ನು ಸುಮ್ಮನಾಗು” ಎಂದ. ತಾಲೀಮಿನಲ್ಲಿ ಎಷ್ಟೋ ಸಲ ಕೇಳಿದ್ದ ಮಾತು. ಒಣಗಿ ಬಿರುಸಾಗಿದ್ದ ಶಲ್ಯವನ್ನು ಹೆಗಲಿನಿಂದ ತೆಗೆದು ಮಡಚಿ, ರಂಗಸಾಮಗ್ರಿಯ ಪೆಟ್ಟಿಗೆಯ ಮೇಲೆ ಕುಳಿತೆ.