ಒಳಗೆ ಹೋಗುವ ಮುಂಚೆ ಹೊರಗೆ ಬರುವ ಬಾಗಿಲು ನೋಡಿ

ನನ್ನನ್ನು ಜನ ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: ‘ಇಷ್ಟೊಂದು ಧರ್ಮಗಳಿವೆ, ಇಷ್ಟೊಂದು ಗುರುಗಳಿದ್ದಾರೆ. ಎಲ್ಲರೂ ತಮ್ಮದೇ ಸರಿ ಅನ್ನುತ್ತಾರೆ. ನಾನು ಯಾರ ಹಿಂದೆ ಹೋಗಲಿ?’ ಕೇಳುವವರಲ್ಲಿ ಕಾಲೇಜು ಹುಡುಗರಿದ್ದಾರೆ, ನಿವೃತ್ತರಾದವರಿದ್ದಾರೆ, ತಾಯಿಯನ್ನೋ ಗಂಡನನ್ನೋ ಕಳೆದುಕೊಂಡು ಆರು ತಿಂಗಳೂ ಆಗದವರಿದ್ದಾರೆ. ಒಂದು ಹೆಸರು ಹೇಳಿಬಿಡಿ, ಸಾಕು ಅನ್ನುತ್ತಾರೆ. ನಾನು ಹೇಳುವುದಿಲ್ಲ. ಬಿಗುಮಾನದಿಂದಲ್ಲ. ಹೀಗೇ ಒಬ್ಬರಿಗೆ ಹೆಸರು ಹೇಳಿ ಒಮ್ಮೆ ಕೆಟ್ಟಿದ್ದೇನೆ.

ಇಪ್ಪತ್ತಾರನೇ ವಯಸ್ಸಿನಲ್ಲಿ ನಾನೊಂದು ಗುಂಪಿಗೆ ಸೇರಿದೆ. ಯಾವುದು ಅನ್ನುವುದು ಬೇಡ. ಮೊದಲ ದಿನವೇ ಬಾಗಿಲಲ್ಲಿ ನಿಂತಿದ್ದವರು ನನ್ನನ್ನು ಹೆಸರು ಹಿಡಿದು ಕರೆದರು. ‘ನೀವು ಬಂದೇ ಬರುತ್ತೀರಿ ಅಂತ ಗೊತ್ತಿತ್ತು’ ಎಂದರು. ಮೈ ಜುಮ್ಮೆಂದಿತು. (ಹೆಸರು ಗೊತ್ತಿದ್ದದ್ದು ಪವಾಡವೇನಲ್ಲ, ಹಿಂದಿನ ವಾರ ನಾನೇ ಅರ್ಜಿ ತುಂಬಿ ಕೊಟ್ಟಿದ್ದೆ. ಅದು ಹೊಳೆಯೋಕೆ ಎರಡು ವರ್ಷ ಬೇಕಾಯಿತು.) ಮೂರನೇ ವಾರಕ್ಕೆ ಒಂದು ಜವಾಬ್ದಾರಿ ಕೊಟ್ಟರು. ಆರು ತಿಂಗಳು ಕಳೆಯುವಷ್ಟರಲ್ಲಿ ನಾನು ಗೆಳತಿಯೊಬ್ಬಳನ್ನೂ ಒಪ್ಪಿಸಿ ಕರೆದುಕೊಂಡು ಹೋದೆ. ಅವಳು ವರ್ಷ ಇದ್ದಳು. ದುಡ್ಡಿನ ಲೆಕ್ಕದ ಬಗ್ಗೆ ಏನೋ ಕೇಳಿದಳು, ನೆಟ್ಟಗೆ ಉತ್ತರ ಸಿಗಲಿಲ್ಲ, ಬಿಟ್ಟಳು. ಅವತ್ತು ಸಂಜೆ ನಮ್ಮನ್ನೆಲ್ಲ ಕೂರಿಸಿ, ‘ಅವಳ ಅಹಂಕಾರ ಇನ್ನೂ ಕರಗಿಲ್ಲ, ಸದ್ಯಕ್ಕೆ ಯಾರೂ ಮಾತಾಡಿಸಬೇಡಿ’ ಎಂದರು. ರಾತ್ರಿ ಅವಳ ಫೋನು ಬಂತು. ಮೊಬೈಲು ಮೇಜಿನ ಮೇಲೆ ಗುಂಯ್‌ಗುಡುತ್ತಾ ಒಂದೊಂದೇ ಇಂಚು ಅಂಚಿನ ಕಡೆ ಸರಿಯುತ್ತಿತ್ತು. ನಾನು ಅದನ್ನು ಕವುಚಿ ಹಾಕಿ ಧ್ಯಾನಕ್ಕೆ ಕೂತೆ. ಅವತ್ತು ಧ್ಯಾನ ಬಹಳ ಚೆನ್ನಾಗಿ ಆಯಿತು. ಇವತ್ತಿಗೂ ನನ್ನನ್ನು ಕಾಡುವುದು ಅದೇ.

ಹಾಗಾಗಿ ನನ್ನ ಉತ್ತರ ಸಣ್ಣದು. ಗುರು ಎಷ್ಟು ಚೆನ್ನಾಗಿ ಮಾತಾಡುತ್ತಾರೆ ಅನ್ನುವುದನ್ನು ಆಮೇಲೆ ನೋಡಿ. ಬಿಟ್ಟುಹೋದವರ ಬಗ್ಗೆ ಅಲ್ಲಿ ಹೇಗೆ ಮಾತಾಡುತ್ತಾರೆ ಅನ್ನುವುದನ್ನು ಮೊದಲು ನೋಡಿ.

ಇದು ನಾನು ಕಂಡುಹಿಡಿದ ಹೊಸ ವಿಷಯ ಅಲ್ಲ. 6ನೇ ಶತಮಾನದಲ್ಲಿ ಸಂತ ಬೆನೆಡಿಕ್ಟ್ ತನ್ನ ಕ್ರೈಸ್ತ ಮಠಗಳಿಗೆ ಬರೆದ ನಿಯಮ ಓದಿದರೆ ಆಶ್ಚರ್ಯವಾಗುತ್ತದೆ. ಸನ್ಯಾಸಿಯಾಗುತ್ತೇನೆ ಅಂತ ಬಂದವನನ್ನು ಸುಲಭವಾಗಿ ಒಳಗೆ ಬಿಡಬೇಡಿ, ನಾಲ್ಕೈದು ದಿನ ಬಾಗಿಲು ತಟ್ಟುತ್ತಾ ನಿಂತಿರಲಿ ಎನ್ನುತ್ತಾನೆ. ಒಳಗೆ ಬಂದ ಮೇಲೂ ಒಂದು ವರ್ಷದಲ್ಲಿ ಮೂರು ಸಲ ಪೂರ್ತಿ ನಿಯಮ ಓದಿ ಹೇಳಬೇಕು. ಪಾಲಿಸಲು ಆಗುತ್ತದಾ, ಇರು. ಆಗಲ್ಲವಾ, ಆರಾಮಾಗಿ ಹೊರಡು, ಯಾರೂ ತಡೆಯುವುದಿಲ್ಲ. ಯಹೂದಿ ಧರ್ಮಕ್ಕೆ ಸೇರಲು ಬಂದವರನ್ನು ರಬ್ಬಿಗಳು ಮೊದಲು ‘ಯಾಕಪ್ಪಾ ನಿನಗೆ ಈ ಕಷ್ಟ?’ ಎಂದು ವಾಪಸ್ ಕಳಿಸಲು ನೋಡುವುದು ಹಳೆಯ ಪದ್ಧತಿ. ಟಿಬೆಟಿನ ಬೌದ್ಧರಲ್ಲಂತೂ ಗುರುವನ್ನು ಬೇಕಾದರೆ 12 ವರ್ಷ ಪರೀಕ್ಷಿಸು ಎಂಬ ಮಾತಿದೆ. ನೂರಾರು ವರ್ಷ ಬಾಳಿದ ಪರಂಪರೆಗಳು ಒಳಗೆ ಬರುವುದನ್ನು ಕಷ್ಟ ಮಾಡಿಟ್ಟಿವೆ. ನಾನು ಹೋದ ಕಡೆ ಒಳಗೆ ಹೋಗಲು ಐದು ನಿಮಿಷ ಸಾಕಾಗಿತ್ತು, ಹೊರಗೆ ಬರಲು ನಾಲ್ಕು ವರ್ಷ.

ಪರೀಕ್ಷೆ ಅಂದ ಕೂಡಲೇ ಕೆಲವರಿಗೆ ಕಸಿವಿಸಿ. ಗುರುವನ್ನು ಅನುಮಾನಿಸುವುದಾ? ಶ್ರೀ ರಾಮಕೃಷ್ಣರಿಗೆ ದುಡ್ಡು ಮುಟ್ಟಿದರೆ ಆಗುವುದಿಲ್ಲ ಅಂತ ಕೇಳಿದ ನರೇಂದ್ರ (ಮುಂದೆ ಸ್ವಾಮಿ ವಿವೇಕಾನಂದ) ಗುರುಗಳ ಹಾಸಿಗೆ ಕೆಳಗೆ ಗುಟ್ಟಾಗಿ ನಾಣ್ಯ ಇಟ್ಟ ಕಥೆ ನಿಮಗೂ ಗೊತ್ತಿರಬಹುದು. ಅವರು ಕೂತವರೇ ಚುಚ್ಚಿದ ಹಾಗೆ ಎದ್ದರಂತೆ. ನನಗೆ ಮುಖ್ಯ ಅನಿಸುವುದು ಆಮೇಲಿನದು. ಅವರಿಗೆ ಸಿಟ್ಟು ಬರಲಿಲ್ಲ, ಖುಷಿಯಾಯಿತು. ನಾಣ್ಯ ಅಸಲಿಯೋ ನಕಲಿಯೋ ಎಂದು ವ್ಯಾಪಾರಿ ನೋಡುವ ಹಾಗೆ ನನ್ನನ್ನೂ ನೋಡಿಕೋ ಅನ್ನುವುದು ಅವರ ನಿಲುವಾಗಿತ್ತು. ನೀವು ಒಂದು ನೇರ ಪ್ರಶ್ನೆ ಕೇಳಿ, ಎದುರಿಗಿರುವವರ ಮುಖ ನೋಡಿ. ಅವರ ಮುಖವನ್ನಷ್ಟೇ ಅಲ್ಲ, ಸುತ್ತ ಕೂತಿರುವವರ ಮುಖವನ್ನೂ. ಪ್ರಶ್ನೆ ಕೇಳಿದ ಕೂಡಲೇ ಶಿಷ್ಯರೆಲ್ಲ ನೆಲ ನೋಡತೊಡಗಿದರೆ ಅಲ್ಲಿ ಏನೋ ಸರಿಯಿಲ್ಲ.

ಗುರುಗಳ ಕಥೆ ಹಾಗಿರಲಿ, ಧರ್ಮದ ಪ್ರಶ್ನೆಗೆ ಬರೋಣ. ‘ಎಲ್ಲಾ ಧರ್ಮ ಹೇಳುವುದೂ ಒಂದೇ’ ಅನ್ನುವುದು ಜಗಳ ನಿಲ್ಲಿಸಲು ಒಳ್ಳೆಯ ಮಾತು, ಆಯ್ಕೆ ಮಾಡಲು ಕೆಲಸಕ್ಕೆ ಬಾರದ ಮಾತು. ಒಂದೇ ಅಂತಿದ್ದರೆ ಚೀಟಿ ಎತ್ತಬಹುದಿತ್ತಲ್ಲ! ನನಗೆ ಕಂಡಂತೆ ಒಂದೊಂದು ದಾರಿ ಮನುಷ್ಯನಿಗೆ ಅಂಟಿರುವ ಒಂದೊಂದು ರೋಗದ ಹೆಸರು ಹೇಳುತ್ತದೆ. ಬುದ್ಧ ತೃಷ್ಣೆ ಎಂದ. ಬೇಕು ಬೇಕು ಎನ್ನುವ ದಾಹವೇ ದುಃಖದ ಬೇರು. ಅದ್ವೈತ ಅಜ್ಞಾನ ಎನ್ನುತ್ತದೆ. ನೀನು ಯಾರು ಅನ್ನುವುದೇ ನಿನಗೆ ಗೊತ್ತಿಲ್ಲ. ಕ್ರೈಸ್ತರು ಪಾಪ ಎನ್ನುತ್ತಾರೆ. ಎಷ್ಟೇ ಹೆಣಗಿದರೂ ನಿನ್ನನ್ನು ನೀನೇ ಎತ್ತಿಕೊಳ್ಳಲಾರೆ, ಕೃಪೆ ಬೇಕು. ಇಸ್ಲಾಂ ಮರೆವಿನ ಬಗ್ಗೆ ಎಚ್ಚರಿಸುತ್ತದೆ. ಮನುಷ್ಯ ದೇವರನ್ನು ಮರೆಯುತ್ತಾನೆ, ಅದಕ್ಕೆ ದಿನಕ್ಕೆ ಐದು ಸಲ ನೆನಪು. ರಾತ್ರಿ ಎರಡು ಗಂಟೆಗೆ ಎಚ್ಚರವಾಗಿ ನಿದ್ದೆ ಬಾರದೆ ಬಿದ್ದಿರುವಾಗ ಇವುಗಳಲ್ಲಿ ಯಾವುದು ‘ಹೌದು, ಇದು ನನ್ನದೇ’ ಅನಿಸುತ್ತದೆ? ಅಲ್ಲಿಂದ ಹುಡುಕಲು ಶುರು ಮಾಡಿ. ಮೂರ್ತಿ ಇರಬೇಕಾ ಬೇಡವಾ, ಹಾಡು ಚೆನ್ನಾಗಿದೆಯಾ, ಇವೆಲ್ಲ ಆಮೇಲೆ.

ಇಲ್ಲೊಂದು ಬಲೆಯೂ ಇದೆ. ಕೇಸಪುತ್ತ ಎಂಬ ಊರಿನ ಕಾಲಾಮರು ಬುದ್ಧನಿಗೆ ಕೇಳಿದ್ದು ನೀವು ಕೇಳುವ ಪ್ರಶ್ನೆಯನ್ನೇ. ಬಂದ ಬಂದ ಸಾಧುಗಳೆಲ್ಲ ತಮ್ಮದನ್ನು ಹೊಗಳಿ, ಬೇರೆಯವರದ್ದನ್ನು ಹಳಿಯುತ್ತಾರೆ, ಯಾರನ್ನು ನಂಬೋಣ? ಕೇಳಿದ್ದಕ್ಕೆ ನಂಬಬೇಡಿ, ಪರಂಪರೆ ಅಂತ ನಂಬಬೇಡಿ, ‘ಇವರು ನಮ್ಮ ಗುರು’ ಅಂತಲೂ ನಂಬಬೇಡಿ ಎಂದ ಬುದ್ಧ. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಅದೇ ಪಟ್ಟಿಯಲ್ಲಿ ‘ನಿಮ್ಮ ಅಭಿಪ್ರಾಯಕ್ಕೆ ಹೊಂದುತ್ತದೆ ಅಂತಲೂ ನಂಬಬೇಡಿ’ ಎಂದಿದ್ದನ್ನು ಮಾತ್ರ ಜಾಣತನದಿಂದ ಬಿಟ್ಟುಬಿಡುತ್ತಾರೆ. ಇದರಿಂದ ಲೋಭ, ದ್ವೇಷ, ಮೋಹ ಹೆಚ್ಚುತ್ತವಾ, ಕಡಿಮೆಯಾಗುತ್ತವಾ? ಅದನ್ನು ನೀವೇ ಕಂಡುಕೊಳ್ಳಿ ಎನ್ನುವುದು ಅವನ ಉತ್ತರ. ಆ ರಾತ್ರಿ ನನಗೆ ಆ ಗುಂಪು ಪೂರ್ತಿ ಹೊಂದುತ್ತಿತ್ತು. ಹೊಂದದೆ ಹೋದದ್ದು ಮೇಜಿನ ಮೇಲಿನ ಫೋನು.

‘ಹುಟ್ಟಿದ ಧರ್ಮ ಬಿಡಬೇಕಾ?’ ಅಂತಲೂ ಕೇಳುತ್ತಾರೆ. ಮೊದಲು ದೊಡ್ಡವರಾಗಿ ಅದನ್ನು ಒಮ್ಮೆ ನೋಡಿ ಅನ್ನುತ್ತೇನೆ. ಬಹಳ ಜನ ಬಿಡುವುದು ಹತ್ತನೇ ವಯಸ್ಸಿನಲ್ಲಿ ಅರ್ಥವಾದಷ್ಟು ಧರ್ಮವನ್ನು. ನೋಡಿದ ಮೇಲೂ ಬಿಡಬೇಕು ಅನಿಸಿದರೆ ಬಿಡಿ, ಅವಸರ ಮಾತ್ರ ಬೇಡ. ಹಿಂದೂವಾಗಿ ಸಾಯುವುದಿಲ್ಲ ಎಂದು ಅಂಬೇಡ್ಕರ್ ಯೇವಲಾದಲ್ಲಿ ಹೇಳಿದ್ದು 1935ರಲ್ಲಿ. ನಾಗಪುರದಲ್ಲಿ ಬೌದ್ಧರಾದದ್ದು 1956ರ ಅಕ್ಟೋಬರ್ 14ಕ್ಕೆ. ನಡುವೆ 21 ವರ್ಷ. ಹುಟ್ಟಿನ ಕಾರಣಕ್ಕೇ ಅವಮಾನ ಉಂಡವರೇ ಅಷ್ಟು ಕಾಲ ತೆಗೆದುಕೊಂಡರು, ಓದಿದರು, ತೂಗಿ ನೋಡಿದರು. ಇನ್ನು ಬೇರೆ ಧರ್ಮದ ಗುರು ಸಿಕ್ಕರೆ? ಶಿಶುನಾಳ ಶರೀಫರಿಗೆ ಗೋವಿಂದಭಟ್ಟರು ಸಿಕ್ಕಿರಲಿಲ್ಲವಾ. ಅದು ಇಬ್ಬರಿಗೂ ಅಡ್ಡಿಯಾಗಲಿಲ್ಲ, ಊರವರಿಗೆ ಆಯಿತು.

ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ತೆಗೆದುಕೊಳ್ಳುತ್ತೇನೆ ಅನ್ನುವವರಿಗೆ ಒಂದು ಮಾತು. ಇವರು ಉದಾಹರಣೆಗೆ ಎಳೆದು ತರುವುದೂ ರಾಮಕೃಷ್ಣರನ್ನೇ. ಆದರೆ 1866ರ ಸುಮಾರಿಗೆ ಇಸ್ಲಾಂ ಸಾಧನೆ ಮಾಡುವಾಗ ಅವರು ಕಾಳಿಯ ಗುಡಿಯೊಳಗೇ ಹೋಗಲಿಲ್ಲ. ನಮಾಜು, ಅಲ್ಲಾನ ಹೆಸರು, ಅಷ್ಟೇ. ತಾಯಿ ತಾಯಿ ಅಂತ ಅಳುತ್ತಿದ್ದ ಮನುಷ್ಯ! ಬೆಳಿಗ್ಗೆ ಒಂದು ವಿಡಿಯೊ, ಸಂಜೆ ಇನ್ನೊಂದು ನೋಡುವ ನಮಗೆ ಅವರ ಹೆಸರು ಹೇಳುವ ಹಕ್ಕು ಅಷ್ಟಾಗಿ ಇಲ್ಲ.

ಗುರು ಬೇಕೇ ಬೇಕಾ? ಎಲ್ಲರಿಗೂ ಬೇಕು ಅಂತ ನನಗನಿಸುವುದಿಲ್ಲ. ಸಿಖ್ಖರಲ್ಲಿ 1708ರ ನಂತರ ಮನುಷ್ಯ ಗುರುವೇ ಇಲ್ಲ, ಗ್ರಂಥವೇ ಗುರು. ಜಿಡ್ಡು ಕೃಷ್ಣಮೂರ್ತಿ 1929ರಲ್ಲಿ ಹಾಲೆಂಡಿನ ಓಮೆನ್‌ನಲ್ಲಿ, ತಮ್ಮನ್ನು ಜಗದ್ಗುರು ಮಾಡಲು ಕಟ್ಟಿದ್ದ ಸಂಘವನ್ನೇ ಮುಚ್ಚಿದರು. ಆಮೇಲೂ ಜನ ಐವತ್ತು ವರ್ಷಕ್ಕಿಂತ ಜಾಸ್ತಿ ಅವರ ಮುಂದೆ ಬಂದು ಕೂತರು ಅನ್ನಿ. ಕೂರಲು ಯಾರಾದರೂ ಬೇಕಾಗುತ್ತಾರೆ ನಮಗೆ.

ಈಗಷ್ಟೇ ಯಾರನ್ನೋ ಕಳೆದುಕೊಂಡವರು ಎಲ್ಲಿ ಸಮಾಧಾನ ಸಿಗುತ್ತದೋ ಅಲ್ಲಿಗೆ ಹೋಗಿ ಕೂತು ಬನ್ನಿ. ಒಂದು ವರ್ಷ ದುಡ್ಡು, ಆಸ್ತಿ, ಮಾತು ಯಾವುದನ್ನೂ ಕೊಡಬೇಡಿ. ಇದರಲ್ಲಿ ಮಾತ್ರ ನಾನು ಹಟಮಾರಿ.

ಕೊನೆಗೆ ‘ಹಾಗಾದರೆ ನೀವೀಗ ಎಲ್ಲಿಗೆ ಹೋಗುತ್ತೀರಿ?’ ಅಂತ ಕೇಳದೆ ಯಾರೂ ಬಿಡುವುದಿಲ್ಲ. ನಾಲ್ಕನೇ ವರ್ಷ ನಾನೂ ಆ ಗುಂಪು ಬಿಟ್ಟೆ. ಮೊದಲು ಗೆಳತಿಗೆ ಫೋನು ಮಾಡಿದೆ. ಅವಳು ಎತ್ತಲಿಲ್ಲ. ಎರಡು ವಾರ ಬಿಟ್ಟು ಅವಳೇ ಮಾಡಿದಳು. ಆಮೇಲೆ ಬಹಳ ದಿನ ಎಲ್ಲಿಗೂ ಹೋಗಲಿಲ್ಲ. ಈಗ ವಾರಕ್ಕೊಮ್ಮೆ ಹತ್ತು ಹನ್ನೆರಡು ಜನ ಸುಮ್ನೆ ಕೂರುವ ಒಂದು ಜಾಗಕ್ಕೆ ಹೋಗುತ್ತೇನೆ. ಮೊದಲ ದಿನ ಅಲ್ಲಿನ ಹಿರಿಯರೊಬ್ಬರನ್ನು, ‘ಇಲ್ಲಿಂದ ಬಿಟ್ಟುಹೋದವರು ಯಾರಾದರೂ ಇದ್ದಾರಾ ಸರ್?’ ಎಂದು ಕೇಳಿದೆ. ಅವರು ಸ್ವಲ್ಪ ಯೋಚಿಸಿ ಜೇಬಿನಿಂದ ಫೋನು ತೆಗೆದು ಯಾರಿಗೋ ಮಾಡಿದರು. ‘ಒಬ್ಬರು ನಿಮ್ಮ ಹತ್ತಿರ ಮಾತಾಡಬೇಕಂತೆ, ನಂಬರು ಕೊಡಲಾ?’ ಎಂದು ಕೇಳಿ, ನನ್ನ ಕಡೆ ತಿರುಗಿದರು. ‘ಅವರಿಗೆ ನಮ್ಮ ಮೇಲೆ ಇನ್ನೂ ಸ್ವಲ್ಪ ಸಿಟ್ಟಿದೆ. ಇರಲಿ, ಮಾತಾಡಿ. ಬರೆದುಕೊಳ್ಳಿ.’