ಹಣ ಕೊಟ್ಟಾಯಿತಲ್ಲ, ಇನ್ನೇನು ಬಾಕಿ?

ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಬಾವುಟದಡಿ ಹೋರಾಡಿದ ಫಿಲಿಪೀನ್ಸಿನ ಯೋಧರ ಮಾತೆತ್ತಿದಾಗಲೆಲ್ಲ ನನಗೆ ಎದುರಾಗುವ ಪ್ರಶ್ನೆ ಒಂದೇ: "ಹಣ ಕೊಟ್ಟಾಯಿತಲ್ಲ, ಪದಕವನ್ನೂ ಕೊಟ್ಟಾಯಿತಲ್ಲ, ಇನ್ನೇನು ಬಾಕಿ?" ಬಾಯಿಮಾತಿನಲ್ಲಿ ಉತ್ತರಿಸಿ ಸಾಕಾಗಿರುವುದರಿಂದ ಇಲ್ಲಿ ಬರೆದಿಡುತ್ತಿದ್ದೇನೆ. ಇದನ್ನು ಓದದೆ ಮತ್ತೆ ಅದನ್ನೇ ಕೇಳುವವರಿಗೆ ಉತ್ತರ ಸಿಗುವುದಿಲ್ಲ.

ಪ್ರಶ್ನೆಗಿಂತಲೂ ಅದನ್ನು ಕೇಳುವ ಧಾಟಿ ನನ್ನ ಸಹನೆಯನ್ನು ಹೆಚ್ಚು ಕೆಡಿಸುತ್ತದೆ. ಮೈಸೂರಿನ ಮದುವೆಯೊಂದರಲ್ಲಿ ಪಕ್ಕದ ಎಲೆಗೆ ಕುಳಿತಿದ್ದ ಹಿರಿಯ ಬಂಧುವೊಬ್ಬರು, ಅಮೆರಿಕದ ಪೌರರಾಗಿದ್ದ ಫಿಲಿಪಿನೋ ಯೋಧರಿಗೆ 2009ರ ಕಾಯಿದೆಯಂತೆ ತಲಾ 15,000 ಡಾಲರ್ ಮಂಜೂರಾಯಿತೆಂದು ನಾನು ಹೇಳಿದ್ದೇ ತಡ, ಸಾರು ನಮ್ಮ ಸಾಲಿಗೆ ಬರುವ ಮೊದಲೇ ಅದನ್ನು ಅಂದಿನ ದರದಲ್ಲಿ ರೂಪಾಯಿಗೆ ಇಳಿಸಿ, "ಅಲ್ಲಯ್ಯಾ, ಇಷ್ಟು ದುಡ್ಡು ಸಿಕ್ಕ ಮೇಲೂ ಗೋಳೇ?" ಎಂದರು. ಅವರ ಗುಣಾಕಾರ ಸರಿಯಾಗಿಯೇ ಇತ್ತು. ಆದರೆ ಲೆಕ್ಕ ಹಾಕುವುದೇ ಆದರೆ ಪೂರ್ತಿ ಹಾಕಬೇಕು. ಮಾಜಿ ಸೈನಿಕರಾಗಿ ಇವರಿಗೆ ಸಲ್ಲಬೇಕಿದ್ದ ಸೌಲಭ್ಯಗಳನ್ನು ಅಮೆರಿಕ ಕಿತ್ತುಕೊಂಡದ್ದು 1946ರಲ್ಲಿ; ಅಲ್ಲಿಂದ 63 ವರ್ಷಗಳಿಗೆ ಹಂಚಿದರೆ ತಿಂಗಳಿಗೆ 20 ಡಾಲರೂ ಆಗುವುದಿಲ್ಲ. ಅಮೆರಿಕದ ಪೌರತ್ವ ಇಲ್ಲದವರಿಗೆ ಗೊತ್ತುಪಡಿಸಿದ್ದು 9,000 ಡಾಲರ್, ತಿಂಗಳಿಗೆ ಹನ್ನೆರಡರ ಆಸುಪಾಸು. ಇದನ್ನು ಹೇಳಿದಾಗ ಹಿರಿಯರು ಪಾಯಸ ಬಡಿಸುವವನನ್ನು ಕರೆದರು.

ಕಿತ್ತುಕೊಂಡದ್ದು ಎಂಬುದು ನನ್ನ ಆವೇಶದ ಮಾತೆಂದು ಹಲವರು ಭಾವಿಸುತ್ತಾರೆ. 1941ರ ಜುಲೈ 26ರಂದು ಅಧ್ಯಕ್ಷ ರೂಸ್‌ವೆಲ್ಟ್ ಅವರ ಆದೇಶವೊಂದು ಫಿಲಿಪೀನ್ಸಿನ ಸೇನೆಯನ್ನು ಅಮೆರಿಕದ ಸಶಸ್ತ್ರ ಪಡೆಗಳ ಸೇವೆಗೆ ಕರೆಸಿಕೊಂಡಿತು. ಆಗ ಆ ದ್ವೀಪಗಳು ಅಮೆರಿಕದ ಅಧೀನದಲ್ಲಿದ್ದವು. ಆದ್ದರಿಂದ ಇದು ಯಾವುದೋ ಪರದೇಶ ತಾನಾಗಿ ನೀಡಿದ ನೆರವಲ್ಲ. ಎರಡೂವರೆ ಲಕ್ಷಕ್ಕೂ ಹೆಚ್ಚು ಜನ ಸೇವೆ ಸಲ್ಲಿಸಿದರು. 1942ರ ಏಪ್ರಿಲ್ 9ರಂದು ಫಿಲಿಪೀನ್ಸಿನ ಬಟಾನ್ ಪರ್ಯಾಯದ್ವೀಪದಲ್ಲಿದ್ದ ಪಡೆ ಶರಣಾದ ಮೇಲೆ ಜಪಾನೀಯರು ಸೆರೆಯಾಳುಗಳನ್ನು ಬಿಸಿಲಿನಲ್ಲಿ ಅನ್ನ ನೀರಿಲ್ಲದೆ ನಡೆಸಿಕೊಂಡು ಹೋದಾಗ ದಾರಿಯಲ್ಲಿ ಸತ್ತ ಸಾವಿರಾರು ಮಂದಿಯಲ್ಲಿ ಬಹುಪಾಲು ಫಿಲಿಪಿನೋಗಳೇ ಆಗಿದ್ದರು. ಸೆರೆಯಾಗದೆ ಉಳಿದ ಅನೇಕರು ಬೆಟ್ಟಗಾಡುಗಳಿಂದ ಗೆರಿಲ್ಲಾ ಯುದ್ಧ ಮುಂದುವರಿಸಿದರು. ಗೆದ್ದ ಮೇಲೆ, 1946ರ ಫೆಬ್ರವರಿಯಲ್ಲಿ, ಎಲ್ಲ ಮಾಜಿ ಸೈನಿಕರಂತೆ ಇವರಿಗೂ ಸೌಲಭ್ಯ ಕೊಟ್ಟರೆ 300 ಕೋಟಿ ಡಾಲರಿಗೂ ಹೆಚ್ಚು ಖರ್ಚಾಗುತ್ತದೆಂಬ ಅಂದಾಜು ಮುಂದಿರುವಾಗ, ಅಮೆರಿಕದ ಸಂಸತ್ತು ಒಂದು ಕಾಯಿದೆಯಲ್ಲಿ ಇವರ ಸೇವೆಯನ್ನು ಸೌಲಭ್ಯಗಳ ಮಟ್ಟಿಗೆ ಸಕ್ರಿಯ ಸೇನಾ ಸೇವೆಯೆಂದು ಪರಿಗಣಿಸತಕ್ಕದ್ದಲ್ಲ ಎಂದು ಬರೆಯಿತು. ಅಂಗವಿಕಲರಾದವರಿಗೂ ಸತ್ತವರ ಕುಟುಂಬಗಳಿಗೂ ಪರಿಹಾರ ಉಳಿಯಿತು, ಆದರೆ ಅಮೆರಿಕನ್ನನಿಗೆ ಡಾಲರ್ ಸಿಗುವಲ್ಲಿ ಇವರಿಗೆ ಒಂದು ಪೆಸೊ, ಅಂದರೆ ಆಗಿನ ದರದಲ್ಲಿ ಅರ್ಧ ಡಾಲರ್. ಸಹಿ ಹಾಕಿದ ಅಧ್ಯಕ್ಷ ಟ್ರೂಮನ್ ಅವರೇ ಇದರಿಂದ ಅಮೆರಿಕದ ನೈತಿಕ ಹೊಣೆ ತೀರುವುದಿಲ್ಲ ಎಂದು ಹೇಳಿಕೆ ಕೊಟ್ಟರು. ಹೇಳಿಕೆಯಿಂದ ಯಾರ ಮನೆಯಲ್ಲೂ ಒಲೆ ಉರಿಯಲಿಲ್ಲ.

ಎಷ್ಟು ಕೊಟ್ಟರು ಎಂದು ಕೇಳುವವರಲ್ಲಿ ಒಬ್ಬರಾದರೂ ಯಾರಿಗೆ ಸಿಗಲಿಲ್ಲ ಎಂದು ಕೇಳಬಾರದೇ? ಉತ್ತರಿಸಲು ನನಗೆ ಇಷ್ಟವಿರುವ ಪ್ರಶ್ನೆ ಅದು. 2009ರಲ್ಲಿ ಅರ್ಜಿ ಹಾಕಲು ಕೊಟ್ಟದ್ದು ಒಂದು ವರ್ಷ. 42,000ಕ್ಕೂ ಹೆಚ್ಚು ಅರ್ಜಿಗಳು ಬಂದವು, ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ತಿರಸ್ಕೃತವಾದವು. ಸೇಂಟ್ ಲೂಯಿಸ್ ನಗರದಲ್ಲಿರುವ ಅಮೆರಿಕದ ದಾಖಲೆ ಕೇಂದ್ರದಲ್ಲಿ ಹೆಸರು ಸಿಕ್ಕಿ, ಅಮೆರಿಕದ ಸೇನೆ ದೃಢೀಕರಿಸಿದರೆ ಮಾತ್ರ ಹಣ. ಫಿಲಿಪೀನ್ಸ್ ಸರ್ಕಾರವೇ ಕೊಟ್ಟ ಕಾಗದಪತ್ರಗಳು ಅಷ್ಟರಿಂದಲೇ ಸಾಲುತ್ತಿರಲಿಲ್ಲ. ಗೆರಿಲ್ಲಾ ಪಡೆಗಳ ಹೆಸರಿನ ಪಟ್ಟಿ ಜಪಾನೀಯರ ಕೈಗೆ ಸಿಕ್ಕರೆ ಇಡೀ ಊರಿಗೇ ಅಪಾಯವಿದ್ದ ಕಾಲದಲ್ಲಿ ಕಾಡಿನಲ್ಲಿದ್ದವರನ್ನು, ತೊಂಬತ್ತರ ಹೊಸ್ತಿಲಿಗೆ ಬಂದ ಮೇಲೆ, ಪಟ್ಟಿಯಲ್ಲಿ ಹೆಸರಿದೆಯೇ ಎಂದು ಕೇಳಲಾಯಿತು. ಅರ್ಜಿ ಹಾಕುವ ಮೊದಲೇ ತೀರಿಕೊಂಡಿದ್ದವರ ಹೆಂಡತಿಯರಿಗೆ ಏನೂ ಇಲ್ಲ. ಗಂಡ ಅರ್ಜಿ ಹಾಕಿ ಹಣ ಬರುವುದರೊಳಗೆ ಸತ್ತಿದ್ದರೆ ಮಾತ್ರ ಆಕೆಗೆ ಹಕ್ಕು. ಸೈನಿಕ ಸರಿಯಾದ ಸಮಯ ನೋಡಿಕೊಂಡು ಸಾಯಬೇಕಿತ್ತು.

ಸಿಕ್ಕವರ ಸ್ಥಿತಿಯನ್ನೂ ಹೇಳಿಬಿಡುತ್ತೇನೆ. ಈ ಹಣ ಪಡೆದವನು ತನ್ನ ಸೇವೆಯ ಕಾರಣದಿಂದ ಅಮೆರಿಕದ ಮೇಲೆ ಬೇರೆ ಹಕ್ಕು ಸಾಧಿಸುವಂತಿಲ್ಲ, ಮೊದಲೇ ಬರುತ್ತಿದ್ದ ಸೌಲಭ್ಯ ಮಾತ್ರ ಮುಂದುವರಿಯುತ್ತದೆ ಎಂಬ ಷರತ್ತು ಅದೇ ಕಾಯಿದೆಯಲ್ಲಿತ್ತು. ನಮ್ಮ ಕಡೆ ಭೂಮಿ ಬಿಡಿಸಿಕೊಳ್ಳುವಾಗ ಬರೆಸಿಕೊಳ್ಳುವ ರಾಜಿ ಪತ್ರದ ಧಾಟಿಯೇ ಇದು. ಪದಕದ ವಿಚಾರಕ್ಕೆ ಹೆಚ್ಚು ಜಾಗ ಬೇಡ: ಇವರಿಗೆ ಕಾಂಗ್ರೆಸ್ಸಿನ, ಅಂದರೆ ಅಮೆರಿಕದ ಸಂಸತ್ತಿನ, ಚಿನ್ನದ ಪದಕ ಕೊಡುವ ಕಾಯಿದೆಗೆ 2016ರ ಡಿಸೆಂಬರಿನಲ್ಲಿ ಒಬಾಮ ಸಹಿ ಹಾಕಿದರು, 2017ರ ಅಕ್ಟೋಬರ್ 25ರಂದು ಅದರ ಪ್ರದಾನ ನಡೆಯಿತು. ಯುದ್ಧ ಮುಗಿದು 72 ವರ್ಷವಾಗಿತ್ತು. ಗಾಲಿಕುರ್ಚಿಯಲ್ಲಿ ಬಂದವರ ಸಂತೋಷವನ್ನು ಹಗುರ ಮಾಡುವ ಅಧಿಕಾರ ನನಗಿಲ್ಲ, ಮಾಡುವುದೂ ಇಲ್ಲ.

ಏನು ಬಾಕಿ ಎಂಬುದಕ್ಕೆ ನೇರ ಉತ್ತರ: 1946ರ ಆ ಸಾಲು ಅಮೆರಿಕದ ಕಾನೂನು ಸಂಹಿತೆಯ 38ನೆಯ ಶೀರ್ಷಿಕೆಯ 107ನೆಯ ಕಲಮಿನಲ್ಲಿ ಉಳಿದುಕೊಂಡಿದೆ. ಆ ಸೇವೆಯನ್ನು ಸಕ್ರಿಯ ಸೇವೆಯೆಂದೇ ಒಪ್ಪಿಕೊಳ್ಳಬೇಕೆನ್ನುವ ಮಸೂದೆ ಅಮೆರಿಕದ ಸಂಸತ್ತಿನಲ್ಲಿ ಮಂಡನೆಯಾಗುತ್ತದೆ, ಅವಧಿ ಮುಗಿದು ಬಿದ್ದುಹೋಗುತ್ತದೆ, ಹೊಸ ಸಂಸತ್ತಿನಲ್ಲಿ ಮತ್ತೆ ಮಂಡನೆಯಾಗುತ್ತದೆ.